ಅರ್ಧಣ್ಣನ ಡ್ರೋನು

ಆಕಾಶದಲ್ಲಿ ಯಂತ್ರ ಹಾರಿಸಿ ಹೊಟ್ಟೆ ಹೊರೆಯುತ್ತಿದ್ದ ಆ ಮನುಷ್ಯ ತಲೆಯೆತ್ತಿ ಆಕಾಶ ನೋಡಿದ್ದನ್ನು ನಾನು ಕಂಡವನಲ್ಲ. ನಡೆಯುವಾಗ ಅವನ ದೃಷ್ಟಿ ನೆಲದ ಮೇಲೆ; ಒಣಗಿದ ಬೀದಿಯಲ್ಲೂ ಕೊಚ್ಚೆ ತಪ್ಪಿಸುವವನಂತೆ ಅಳೆದು ಸುರಿದು ಹೆಜ್ಜೆ ಇಡುತ್ತಿದ್ದ. ಕ್ಯಾಮೆರಾ ಚೀಲ ಹೊತ್ತೂ ಹೊತ್ತೂ ಎಡಭುಜ ಒಂದಿಷ್ಟು ಕುಸಿದಿತ್ತು. ಬೇಸಗೆಯಲ್ಲೂ ಬಿಡದ ಮಾಸಲು ಕ್ಯಾನ್ವಾಸ್ ಕೋಟು. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆಂದು ಅದರ ಒಳಜೇಬುಗಳಲ್ಲಿ ಅವುಗಳಿಗೆ, ಕೋಳಿ ಮೊಟ್ಟೆಗೆ ಕೊಟ್ಟಂತೆ, ಮೈಯ ಕಾವು. ಕಟ್ಟಡದ ಕೆಳಗೆ ಅವನ ಸ್ಟುಡಿಯೊ, ಮೇಲೆ ನನ್ನ ಮನೆಯಾದ್ದರಿಂದ ಬಿಡುವಿದ್ದಾಗ ನಾನೂ ಅವನ ಜೊತೆ ಹೊರಡುತ್ತಿದ್ದೆ.

ಅವನನ್ನು ಎಲ್ಲರೂ ಅರ್ಧಣ್ಣ ಎಂದೇ ಕರೆಯುತ್ತಿದ್ದರು. ನೀರಿನ ಮೇಲೆ ಹಾರಿಸುವಾಗ ಬ್ಯಾಟರಿ ಅರ್ಧಕ್ಕೆ ಇಳಿಯಿತೋ, ಎದುರಿಗೆ ಸೂರ್ಯಾಸ್ತವೇ ಇರಲಿ, ಮದುಮಕ್ಕಳ ದೋಣಿಯೇ ಇರಲಿ, ಡ್ರೋನಿನ ಮೂತಿ ದಡದ ಕಡೆ ತಿರುಗಿಬಿಡುತ್ತಿತ್ತು. ಇನ್ನೊಂದು ಸುತ್ತು ಎಂದು ಗಿರಾಕಿಗಳು ಗೋಗರೆದರೆ "ನೋಡೋಣ" ಎನ್ನುತ್ತಿದ್ದ. ಅವನ ಬಾಯಲ್ಲಿ ಆ ಮಾತಿಗೆ ಇಲ್ಲ ಎಂದೇ ಅರ್ಥ. ಅವನ ಮೊದಲ ಡ್ರೋನು ಗಾಳಿಯಿಲ್ಲದ ಒಂದು ಬೆಳಗ್ಗೆ ಕನ್ನಡಿಯಂತೆ ನಿಂತ ಕೆರೆಯ ಮೇಲೆ ತಗ್ಗಿ ಹಾರುತ್ತಿದ್ದಾಗ, ನೆಲದ ದೂರ ಅಳೆಯಬೇಕಾದ ಹೊಟ್ಟೆಯ ಕಣ್ಣು ಪ್ರತಿಬಿಂಬಕ್ಕೆ ಮೋಸಹೋಗಿ, ಇಳಿಯುತ್ತ ಇಳಿಯುತ್ತ ಸದ್ದಿಲ್ಲದೆ ಮುಳುಗಿತ್ತು. ಅಂದಿನಿಂದ ಯಾವ ಡ್ರೋನನ್ನೂ ನೀರಿಗೆ ತೀರ ಹತ್ತಿರ ಇಳಿಯಲು ಬಿಡಲಿಲ್ಲ; ದೋಣಿಯ ಮೇಲಿಂದ ಏರಿಸಲೂ ಇಲ್ಲ. "ವಾಪಸ್ ಬಾ ಅಂದ್ರೆ ಅದು ಹೊರಟ ಜಾಗಕ್ಕೇ ಬರತ್ತೆ. ಅಷ್ಟರಲ್ಲಿ ದೋಣಿ ಮುಂದೆ ಹೋಗಿರತ್ತೆ. ಪಾಪ, ನಂಬ್ಕೊಂಡು ನೀರಿಗೇ ಇಳಿಯತ್ತೆ" ಎನ್ನುವಾಗ ಅವನ ದನಿ, ಮನೆ ಬದಲಾದದ್ದು ತಿಳಿಯದ ಮಗುವಿನ ಕಥೆ ಹೇಳುವವನದಾಗಿರುತ್ತಿತ್ತು.

ಒಂದು ಮಧ್ಯಾಹ್ನ ಜಲಾಶಯದ ಚಿತ್ರ ತೆಗೆಯಲು ಹೋಗಿದ್ದಾಗ ಇದ್ದಕ್ಕಿದ್ದಂತೆ ಬಿರುಗಾಳಿ ಎದ್ದು, ನೀರಿನ ಕಳೆ ಕೀಳುತ್ತಿದ್ದ ಇಬ್ಬರು ಕೆಲಸಗಾರರ ದೋಣಿ ಮಗುಚಿತು. ರಕ್ಷಣೆಯವರ ರಬ್ಬರ್ ದೋಣಿ ಹೊರಟಿತಾದರೂ ಅಲೆಗಳ ನಡುವೆ ದಿಕ್ಕು ತಿಳಿಯದೆ ತಡಕಾಡುತ್ತಿತ್ತು. ಅಂಥ ಗಾಳಿಯಲ್ಲಿ ಎಂದೂ ಚೀಲ ಬಿಚ್ಚದ ಅರ್ಧಣ್ಣ ಅಂದು ಬಿಚ್ಚಿದ. ಗಾಳಿ ದಡದಿಂದ ಒಳಕ್ಕೆ ಬೀಸುತ್ತಿತ್ತು. ಹೋಗುವುದು ಸಲೀಸು, ಮರಳುವುದು ದುಸ್ತರ. ಮಗುಚಿದ ದೋಣಿ, ಅದರ ಬೆನ್ನಿಗೆ ಅಂಟಿಕೊಂಡ ಇಬ್ಬರು ಪರದೆಯಲ್ಲಿ ಕಂಡ ಹೊತ್ತಿಗೆ ಬ್ಯಾಟರಿ ಅರ್ಧವಾಗಿತ್ತು, ಅವನ ಹೆಬ್ಬೆರಳು ಅಭ್ಯಾಸಬಲದಿಂದ ಆಗಲೇ ರಿಮೋಟಿನ ಕಡ್ಡಿಯನ್ನು ಹಿಂದಕ್ಕೆ ಎಳೆದಿತ್ತು.

ಅವರಲ್ಲಿ ಹಿರಿಯವನ ಹೆಂಡತಿ ಸುದ್ದಿ ಕೇಳಿ ಓಡಿಬಂದು ಪಕ್ಕದಲ್ಲೇ ನಿಂತಿದ್ದಳು.

"ಅಣ್ಣಾ, ಕಾಣಿಸ್ತಿದಾರಾ?"

"ಇಬ್ರೂ ಕಾಣಿಸ್ತಿದಾರಮ್ಮ."

"ಹಾಗಾದ್ರೆ ವಾಪಸ್ ತರಬೇಡಿ. ಅಲ್ಲೇ ನಿಲ್ಸಿ. ದೋಣಿಯವರಿಗೆ ಗುರುತಾಗತ್ತೆ."

ಅವನು ನೋಡೋಣ ಎನ್ನಲಿಲ್ಲ. ಕಡ್ಡಿಯಿಂದ ಹೆಬ್ಬೆರಳು ತೆಗೆದ. ಮಿಣುಮಿಣುಕುವ ದೀಪದೊಂದಿಗೆ ಡ್ರೋನು ಆ ಇಬ್ಬರ ನೆತ್ತಿಯ ಮೇಲೆ ಗಾಳಿಗೆ ಜಗ್ಗಾಡುತ್ತ ನಿಂತಿತು. ದಡದವರು ಫೋನಿನಲ್ಲಿ ಕೂಗಿ ಹೇಳಿದ ಮೇಲೆ ರಬ್ಬರ್ ದೋಣಿ ಅತ್ತ ತಿರುಗಿತು. ಅದು ಇನ್ನೂ ದೂರವಿರುವಾಗಲೇ ಅರ್ಧಣ್ಣ ಪರದೆಯನ್ನು ಥಟ್ಟನೆ ತನ್ನ ಕಡೆಗೆ ಓರೆ ಮಾಡಿಕೊಂಡು ಆಕೆಗೆ ಬೆನ್ನು ಹಾಕಿದ. ಆಕೆ ಮಣ್ಣಿನ ಮೇಲೆ ಹಾಗೇ ಕುಸಿದು ಕುಳಿತಳು.

ಉಳಿದ ಕಿರಿಯವನನ್ನು ಮೇಲೆಳೆದುಕೊಳ್ಳುವತನಕ ದೀಪ ಅಲ್ಲೇ ಇತ್ತು. ಆಮೇಲೆ ಡ್ರೋನು ನೀರಿಗೆ ಬಿತ್ತು.

ಕೆಲವು ವಾರಗಳ ನಂತರ ಆಕೆ ಸ್ಟುಡಿಯೊಗೆ ಬಂದಳು. ನಾನು ಎದ್ದು ಹೋಗಹೊರಟಾಗ ಅರ್ಧಣ್ಣ ನನ್ನ ತೋಳು ಹಿಡಿದು ಕೂರಿಸಿದ.

"ಕೊನೆಗೆ ನಮ್ಮನೆಯವರು ಮೇಲೆ ನೋಡಿದ್ರಾ ಅಣ್ಣ?"

"ನೋಡಿದ್ರಮ್ಮ."

"ಏನಾದ್ರೂ ಅಂದ್ರಾ?"

"ತುಟಿ ಅಲುಗಾಡ್ತು. ಡ್ರೋನಿಗೆ ಕಣ್ಣಿದೆ, ಕಿವಿ ಇಲ್ಲಮ್ಮ."

ಆಕೆ ತಲೆಯಾಡಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ಬಾಗಿಲವರೆಗೆ ಹೋಗಿ ನಿಂತು, "ಒಂಟಿಯಾಗಿರ್ಲಿಲ್ಲ ಬಿಡಿ" ಎಂದು ಹೊರಟುಹೋದಳು. ಆ ಮಾತು ಸಮಾಧಾನಕ್ಕೋ ಆಪಾದನೆಗೋ ಎಂದು ಅವನಿಗೆ ಕೊನೆಗೂ ತಿಳಿಯಲಿಲ್ಲ. ಮುಂದೆ ಹೊಸ ಡ್ರೋನು ತಂದ, ಮದುಮಕ್ಕಳ ದೋಣಿಗಳ ಮೇಲೆ ಹಾರಿಸಿದ. ಆದರೆ ಯಾರಾದರೂ ನೀರಿನಿಂದ ಮೇಲಕ್ಕೆ ಕೈಬೀಸಿ ನಕ್ಕರೆ ಅವನ ಮುಖ ಬಿಳಿಚಿಕೊಳ್ಳುತ್ತಿತ್ತು.

ನೀರಿಗೆ ಧುಮುಕಿ ಎತ್ತಿತಂದವರನ್ನು ಲೋಕ ಹೆಗಲ ಮೇಲೆ ಹೊರುತ್ತದೆ, ತರಲಾಗದವರ ಜೊತೆ ತಾನೂ ಅಳುತ್ತದೆ. ದೂರದಿಂದ ನೋಡುವುದಷ್ಟೇ ಕೆಲಸವಾದವರು ಈ ಎರಡೂ ಸಾಲಿನಲ್ಲಿ ಸೇರುವುದಿಲ್ಲ. ಅವರು ಎಲ್ಲರಿಗಿಂತ ಮೊದಲು ನೋಡುತ್ತಾರೆ, ಎಲ್ಲರಿಗಿಂತ ಸ್ಪಷ್ಟವಾಗಿ ನೋಡುತ್ತಾರೆ. ಹಾಗೆ ನೋಡಿದ್ದನ್ನು ಇಳಿಸಿಡಲು ಮಾತ್ರ ಅವರಿಗೊಂದು ದಡ ಸಿಗುವುದಿಲ್ಲ.