ಚಿಕ್ಕಬಸಮ್ಮ ಹಾಕಿಸಿದ ನಿಯಮ

ಸೋಸಲೆಯ ಚಿಕ್ಕಬಸಮ್ಮ ಒಕ್ಕೂಟದ ಸಭೆಯಲ್ಲಿ ಎದ್ದು ನಿಂತಳೆಂದರೆ ಬೇಗ ಕೂರುವ ಹೆಂಗಸಲ್ಲ. ಹತ್ತೂರಿನ ಸ್ತ್ರೀಶಕ್ತಿ ಸಂಘಗಳು ಸೇರಿ ಮಾಡಿಕೊಂಡ ಒಕ್ಕೂಟ ಅದು. ಎಲ್ಲರ ಉಳಿತಾಯವೂ ಒಂದೇ ಗಂಟು. ಯಾವ ಊರೂ ತಾನು ಕಟ್ಟಿದ್ದರ ಎರಡರಷ್ಟಕ್ಕಿಂತ ಹೆಚ್ಚು ಸಾಲ ಎತ್ತುವಂತಿಲ್ಲ, ಎತ್ತಿದರೆ ದಂಡ. ಈಗ ಕಾವೇರಿ ಉಕ್ಕಿ, ಸೋಸಲೆಯವರು ನಾಟಿಗೆಂದು ಬೆಳೆಸಿದ್ದ ಭತ್ತದ ಒಟ್ಲು ಪೈರನ್ನೆಲ್ಲ ಕೊಚ್ಚಿಕೊಂಡು ಹೋಗಿತ್ತು. ಹತ್ತು ದಿನದೊಳಗೆ ಬೇರೆ ಪೈರು ಕೊಂಡು, ಆಳು ಹಿಡಿದು ನೆಡದಿದ್ದರೆ ಈ ವರ್ಷದ ಬೆಳೆಯೇ ಇಲ್ಲ. ಸೋಸಲೆಯ ಮಿತಿಯೋ ಆಗಲೇ ಮುಗಿದಿತ್ತು.

ಕಾರ್ಯದರ್ಶಿ ಕೃಷ್ಣಕುಮಾರ್ ಒಳ್ಳೆಯವನೇ, ಆದರೆ ಪುಸ್ತಕ ಬಿಟ್ಟು ಆಚೀಚೆ ನೋಡುವವನಲ್ಲ. ಒಂದೇ ನೋಟು ಬಳಸುವ ಯೂರೋಪಿನ ದೇಶಗಳಿಗೂ ಬಜೆಟ್ ಕೊರತೆ ದೇಶದ ಆದಾಯದ ಮೂರು ಪರ್ಸೆಂಟ್ ದಾಟಬಾರದೆಂಬ ಕಟ್ಟಳೆ ಇದೆ, ಒಬ್ಬರು ದಾಟಿದರೆ ಎಲ್ಲರೂ ಮುಳುಗುತ್ತಾರೆ ಎಂದು ಪಾಠ ಮಾಡಿದ.

“ಮುಳುಗಿರೋರು ನಾವು ಸಾ,” ಅಂದಳು ಚಿಕ್ಕಬಸಮ್ಮ. “ಮಿತಿ ದಾಟೇ ದಾಟ್ತೀವಿ. ದಂಡನೂ ಕಟ್ಟಕಿಲ್ಲ.”

ಈ ನಿಯಮ ಹಾಕಿಸಿದ್ದು ಯಾರು ಅಂತ ಹಿಂದಿನ ಸಾಲಿನಿಂದ ಯಾರೋ ಕೇಳಿದರು.

ಹಾಕಿಸಿದವಳು ಚಿಕ್ಕಬಸಮ್ಮನೇ. ಎರಡು ವರ್ಷದ ಹಿಂದೆ ಒಕ್ಕೂಟದ ಇನ್ನೊಂದು ಊರಾದ ತಗಡೂರಲ್ಲಿ ಬೋರ್‌ವೆಲ್‌ಗಳು ಬತ್ತಿದ್ದವು. ಅಲ್ಲಿನ ವಿಶಾಲಮ್ಮ ಹೆಚ್ಚು ಹಣ ಕೇಳಿದ್ದಕ್ಕೆ, ನಮ್ಮ ಉಳಿತಾಯ ನಿಮ್ಮ ಒಣಗದ್ದೆಗೆ ಸುರಿಯೋಕಲ್ಲ ಎಂದು ಜಗಳ ತೆಗೆದು, ಮಹಾಸಭೆಯಲ್ಲಿ ಎಲ್ಲರ ಕೈ ಎತ್ತಿಸಿ ಈ ನಿಯಮ ಪಾಸು ಮಾಡಿಸಿದ್ದಳು. ವಿಧಿಯಿಲ್ಲದೆ ಮಿತಿ ದಾಟಿದ ತಗಡೂರಿನವರು ದಂಡವನ್ನೂ ಕಟ್ಟಿದ್ದರು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಆದರೂ ಕೂರಲಿಲ್ಲ.

“ನಾನೇ ಆಕ್ಸಿದ್ದು. ತಪ್ಪು ಮಾಡ್ದೆ. ಮೊದ್ಲು ತಗಡೂರಿನೋರ ದಂಡ ವಾಪಸ್ ಕೊಡಿ, ಆಮೇಲೆ ನಮ್ದು ಮಾತಾಡಿ.”

ನಿಯಮ ಬದಲಿಸಬೇಕಾದರೆ ವಾರ್ಷಿಕ ಮಹಾಸಭೆಯೇ ಆಗಬೇಕು, ಅದು ಮಾರ್ಚಿನಲ್ಲಿ ಎಂದ ಕೃಷ್ಣಕುಮಾರ್. ಮಾರ್ಚ್‌ವರೆಗೆ ಯಾರ ಗದ್ದೆ ಕಾದುಕೊಂಡು ಕೂರುತ್ತದೆ?

ಆಗ ವಿಶಾಲಮ್ಮ ಎದ್ದಳು. ಚಿಕ್ಕಬಸಮ್ಮನ ಮುಖವನ್ನೇ ನೋಡಿದಳು. ಹಳೆಯ ಸಿಟ್ಟು ಕಣ್ಣಲ್ಲಿ ಹಾಗೇ ಇತ್ತು.

“ಆವತ್ತು ನೀನ್ ಆಡಿದ್ ಮಾತ ಮರ್ತಿಲ್ಲ ಕಣಕ್ಕ, ಮರಿಯೋದೂ ಇಲ್ಲ,” ಅಂದಳು. ಆಮೇಲೆ ಕಾರ್ಯದರ್ಶಿಯ ಕಡೆ ತಿರುಗಿದಳು. “ದುಡ್ ಕೊಡಬ್ಯಾಡಿ ಅಂತ ತಾನೇ ನಿಮ್ ಪುಸ್ತಕದಲ್ಲಿರೋದು? ಮುಯ್ಯಾಳು ಓಗಬ್ಯಾಡಿ ಅಂತ ಬರ್ದಿಲ್ವಲ್ಲ. ನಮ್ಮೂರಲ್ಲಿ ಒಟ್ಲು ಮಿಕ್ಕದೆ. ಸೋಮವಾರ ಟೆಂಪೋ ತುಂಬ್ಕೊಂಡು ನಾವೇ ಓಗಿ ನೆಟ್ ಕೊಡ್ತೀವಿ. ಮುಂದಿನ್ ವರ್ಷ ಅವರು ನಮ್ ಗದ್ದೆಗೆ ಬಂದು ತೀರಿಸ್ಲಿ. ಇದುಕ್ಕೆಷ್ಟು ದಂಡ, ಆಕಿ ಸಾ.”

ಕೃಷ್ಣಕುಮಾರ್ ಪುಸ್ತಕದ ಹಾಳೆ ತಿರುಗಿಸುತ್ತಲೇ ಕೂತ. ಅಷ್ಟರಲ್ಲಿ ಬೇರೆ ಊರಿನವರೂ ತಮ್ಮ ಕಡೆಯಿಂದ ಎಷ್ಟು ಆಳು ಬರುತ್ತಾರೆಂದು ಕೂಗಿ ಹೇಳತೊಡಗಿದರು. ದಂಡಕ್ಕೂ ಜಗ್ಗದಿದ್ದ ಚಿಕ್ಕಬಸಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟಳು.