ಬೆಳಕಿಂಡಿ ಅನ್ನು, ಕಿಟಕಿ ಅನ್ನಬೇಡ

ಕಚೇರಿಯಲ್ಲಿ ಅವಳನ್ನು ಎಲ್ಲರೂ ಕಿವಿಯಮ್ಮ ಎಂದೇ ಕರೆಯುತ್ತಿದ್ದರು. ಅವಳ ಕೆಲಸ ಕೇಳುವುದು. ಮೂರನೇ ಮಹಡಿಯಲ್ಲಿ ಒಂದು ಸಣ್ಣ ಕೋಣೆ, ಒಂದು ಮೇಜು, ಒಂದು ಹೆಡ್‌ಫೋನು. ಅದರ ಸ್ಪಂಜು ಕಿತ್ತುಹೋಗಿ ಎರಡು ವರ್ಷವಾಗಿತ್ತು. ಹಳೆ ಬಟ್ಟೆಯ ತುಂಡು ಸುತ್ತಿ ದಾರ ಕಟ್ಟಿಕೊಂಡಿದ್ದಳು.

ಕಡಲಾಚೆಯ ನಾಡಿನಲ್ಲಿ ಗಲಭೆ ಶುರುವಾದಾಗಿನಿಂದ ಅಲ್ಲಿಂದ ಜನ ಬರುತ್ತಲೇ ಇದ್ದರು. ಅಲ್ಲಿಯವರಾದರೆ ಇರಬಹುದು ಎಂದು ಸರ್ಕಾರ ಹೇಳಿತ್ತು. ಆದರೆ ಬಂದವರ ಕೈಯಲ್ಲಿ ಕಾಗದವಿಲ್ಲ. ಅಲ್ಲಿಯವರ ಹೆಸರು ಹೇಳಿಕೊಂಡು ಬೇರೆ ಕಡೆಯವರೂ ನುಸುಳುತ್ತಾರೆ ಎಂಬ ಅನುಮಾನ ಬೇರೆ. ಕಾಗದ ಇಲ್ಲದಿದ್ದರೇನು, ಬಾಯಲ್ಲಿ ನಾಲಿಗೆ ಇದೆಯಲ್ಲ ಎಂದು ಯಾರೋ ಜಾಣರಿಗೆ ಹೊಳೆಯಿತು. ಬಂದವರನ್ನು ಕೂರಿಸಿ, "ನಿಮ್ಮ ಮನೆ ಹೇಗಿತ್ತು? ಬೀದಿಯಿಂದ ಒಳಗೆ ಬರುತ್ತಾ ಹೇಳಿ" ಎಂದು ಕೇಳಿ ಇಪ್ಪತ್ತು ನಿಮಿಷ ರೆಕಾರ್ಡು ಮಾಡುತ್ತಿದ್ದರು. ಅದರ ಮೇಲೆ ಹೆಸರಿಲ್ಲ, ಬರೀ ನಂಬರು. ಕಿವಿಯಮ್ಮ ಕೇಳಿ, ಬರೆದುಕೊಂಡು, ಮೂರು ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು: ಅಲ್ಲಿಯವರು, ಅಲ್ಲಿಯವರಲ್ಲ, ಹೇಳಲಾಗದು. ಆರು ವರ್ಷದಲ್ಲಿ ಮೂರನೆಯ ಚೌಕಕ್ಕೆ ಅವಳ ಪೆನ್ನು ಹೋಗಿರಲಿಲ್ಲ. ಅದು ಅವಳ ಹೆಮ್ಮೆ. ಕೆಲವರು ಅಡುಗೆಮನೆಯವರೆಗೆ ಬರುವಷ್ಟರಲ್ಲಿ ಅತ್ತುಬಿಡುತ್ತಿದ್ದರು. ಅದಕ್ಕೆ ಚೌಕ ಇರಲಿಲ್ಲ.

ಅವಳೂ ಅಲ್ಲಿಯವಳೇ. ಏಳು ವರ್ಷದವಳಿದ್ದಾಗ ಅಮ್ಮನ ಕೈ ಹಿಡಿದು ಹಡಗಿನಿಂದ ಇಳಿದವಳು. ಆಗ ಬಂದವರೆಲ್ಲ ಈಗ ಹಳಬರು. ಮಾರುಕಟ್ಟೆಯ ಬೀದಿಯಲ್ಲಿ ಮೇಲೆ ಹಳಬರ ಅಂಗಡಿಗಳ ಬೋರ್ಡು, ಕೆಳಗೆ ಫುಟ್‌ಪಾತಿನಲ್ಲಿ ಹೊಸಬರು ಹಾಸಿಕೊಂಡ ಪ್ಲಾಸ್ಟಿಕ್ ಹಾಳೆ. "ಎಲ್ಲಿ ನೋಡಿದ್ರೂ ಇವರೇ, ಕಾಲಿಡೋಕೆ ಜಾಗ ಇಲ್ಲ" ಎಂದು ಹಳಬರು ಗೊಣಗುತ್ತಿದ್ದರು. ನಲವತ್ತು ವರ್ಷದ ಹಿಂದೆ ಇಲ್ಲಿಯವರು ತಮ್ಮನ್ನು ನೋಡಿ ಗೊಣಗಿದ್ದ ಮಾತೇ ಅದು. ಒಂದಕ್ಷರ ಬದಲಾಗಿರಲಿಲ್ಲ. ಇಲ್ಲಿಯವರಿಗೋ ಹಳಬರು, ಹೊಸಬರು ಎಲ್ಲ ಒಂದೇ. ಬಸ್ಸಿನಲ್ಲಿ ದಿನಾ ಪಕ್ಕ ಕೂರುವ ನರ್ಸು ಒಮ್ಮೆ, "ನಿಮ್ಮೋರು ತುಂಬ ಬಂದುಬಿಟ್ರು, ಅಲ್ವಾ?" ಎಂದಿದ್ದಳು.

"ಅವರು ನಮ್ಮೋರಲ್ಲ" ಎಂದಿದ್ದಳು ಕಿವಿಯಮ್ಮ. ಆಮೇಲೆ ಕಚೇರಿಗೆ ಹೋಗಿ ಅದನ್ನೇ ಬರೆದಿದ್ದಳು.

ಅವಳು ಮಾಡಿದ ಒಂದು ಪಟ್ಟಿ ಇತ್ತು. ಟೈಪಾಗಿ, ಪ್ಲಾಸ್ಟಿಕ್ ಹೊದಿಸಿಕೊಂಡು, ಅವಳ ಕೋಣೆಯಲ್ಲೂ ಪಕ್ಕದ ಕೋಣೆಯ ರಿಟೈರ್ಡ್ ಮೇಷ್ಟ್ರ ಗೋಡೆಯ ಮೇಲೂ ಅಂಟಿಕೊಂಡಿತ್ತು. ಮೇಷ್ಟ್ರೂ ಹಳಬರೇ, ಅವರಿಗೂ ಕೇಳುವ ಕೆಲಸವೇ. ಅಲ್ಲಿಯವರು ಬಾಗಿಲು ಅನ್ನುವುದಿಲ್ಲ, ಕದ ಅನ್ನುತ್ತಾರೆ. ದೀಪ ಅಲ್ಲ, ಸೊಡರು. ಕಿಟಕಿ ಅಲ್ಲ, ಬೆಳಕಿಂಡಿ. ಪಟ್ಟಿಯ ಅಷ್ಟೂ ಮಾತು ಅಮ್ಮನ ಬಾಯಿಂದ ಬಂದದ್ದು. ಒಬ್ಬ ಗಂಡಸು ಇಪ್ಪತ್ತು ನಿಮಿಷದಲ್ಲಿ ಹನ್ನೊಂದು ಸಲ ಕಿಟಕಿ ಎಂದಿದ್ದ. ಅವನ ಮಗಳು ಆ ಕಿಟಕಿಯಲ್ಲಿ ಕೂತು ಬೀದಿ ನೋಡುತ್ತಿದ್ದಳಂತೆ. ಬರೆದುಕೊಂಡ ಹನ್ನೊಂದು ಕಿಟಕಿಗಳ ಕೆಳಗೂ ಗೆರೆ ಎಳೆದು, ಎರಡನೆಯ ಚೌಕಕ್ಕೆ ಗುರುತು ಹಾಕಿ, ಅವಳು ಊಟಕ್ಕೆ ಎದ್ದಿದ್ದಳು.

ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಹಗಲು ನೋಡಿಕೊಳ್ಳಲು ಜನ ಬೇಕಾಯಿತು. ಇಲ್ಲಿಯವರು ಆ ಕೆಲಸಕ್ಕೆ ಬರುವುದಿಲ್ಲ. ಹಳಬರ ಹೆಣ್ಣುಮಕ್ಕಳು ಓದಿಕೊಂಡಿದ್ದಾರೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅನ್ನುವ ಹಾಗೆ, ಅಷ್ಟು ವರ್ಷ ಕಿವಿಯಿಂದಾಚೆ ಇಟ್ಟಿದ್ದ ಹೊಸಬರಲ್ಲಿ ಒಬ್ಬಳು ಸೀದಾ ಮನೆಯೊಳಗೇ ಬಂದಳು. ಇಪ್ಪತ್ತೈದರ ಒಳಗಿನವಳು. ಅವಳ ಅರ್ಜಿ ಇನ್ನೂ ವಿಚಾರಣೆಯಲ್ಲಿತ್ತು. ಅಮ್ಮ ಅವಳ ಹೆಸರು ಕೇಳಲಿಲ್ಲ. "ಹೊಸಬಳೇ" ಎಂದೇ ಕೂಗುತ್ತಿದ್ದಳು.

ಒಂದು ರಜೆಯ ದಿನ ಬೆಳಿಗ್ಗೆ ಕಿವಿಯಮ್ಮ ಅಡುಗೆಮನೆಯಲ್ಲಿದ್ದಾಗ ಒಳಗಿನ ಮಾತು ಕೇಳಿಸಿತು.

"ಅಜ್ಜಿ, ಸೆಖೆ ಆಗ್ತಿದೆಯಾ? ಕಿಟಕಿ ತೆಗೀಲಾ?"

"ಕಿಟಕಿಯಂತೆ ಕಿಟಕಿ. ಅಲ್ಲಿಯವಳು ಅಂತೀಯ, ಬೆಳಕಿಂಡಿ ಅನ್ನೋಕೆ ಬರಲ್ವಾ?"

ಹೊಸಬಳು ನಕ್ಕಳು. "ಅಯ್ಯೋ ಅಜ್ಜಿ, ನಮ್ಮಲ್ಲಿ ಈಗ ಬೆಳಕಿಂಡಿ ಅಂದ್ರೆ ಮಕ್ಕಳು ನಗ್ತಾವೆ. ನಮ್ಮ ಮುತ್ತಜ್ಜಿ ಅಂತಿದ್ದಳಂತೆ."

"ನಿಮ್ಮಲ್ಲಿ ಅಂದ್ರೆ ಎಲ್ಲಿ?"

ಹೊಸಬಳು ಊರು ಹೇಳಿದಳು. ಅಮ್ಮನ ತವರಿನ ಪಕ್ಕದ ಊರು. "ಹಲ್ಲು ಮುರಿಯೋ ಬಾವಿ ಇದೆಯಲ್ಲ ಅಜ್ಜಿ, ಅದರ ಹಿಂದಿನ ಬೀದಿ. ಯಾರೋ ಮೆಟ್ಟಿಲ ಮೇಲಿಂದ ಬಿದ್ದು ಮುಂದಿನ ಎರಡು ಹಲ್ಲು ಕಳಕೊಂಡರಂತೆ, ಅದಕ್ಕೆ ಆ ಹೆಸರು."

ಬಿದ್ದವನು ಅಮ್ಮನ ತಮ್ಮ. ಹಲ್ಲಿಲ್ಲದ ಆ ಸೋದರಮಾವನ ಬೊಚ್ಚು ನಗು ಕಿವಿಯಮ್ಮನಿಗೆ ಇನ್ನೂ ನೆನಪಿತ್ತು. ಯಾವ ಪುಸ್ತಕದಲ್ಲೂ ಇಲ್ಲದ ಸಂಗತಿ ಅದು.

ಆಮೇಲೆ ಮಗಳು ಹಾಸಿಗೆಯ ಪಕ್ಕ ಬಂದು ಕೂತಾಗ ಅಮ್ಮ ಮೆಲ್ಲಗೆ ಹೇಳಿದಳು. "ಯಾರೋ ಹೇಳಿಕೊಟ್ಟಿರ್ತಾರೆ ಕಣೆ."

ಕಿವಿಯಮ್ಮನಿಗೆ ಹನ್ನೊಂದು ಕಿಟಕಿಗಳು ನೆನಪಾದವು.

ಸೋಮವಾರ ಸಾಹೇಬರ ಮುಂದೆ ನಿಂತಳು. ಸಾಹೇಬರು ಇಲ್ಲಿಯವರು, ಒಳ್ಳೆಯವರು. ಯಾರನ್ನೂ ನಿಲ್ಲಿಸಿ ಮಾತಾಡಿಸುವವರಲ್ಲ. ಕೂರಿಸಿ, ಎಲ್ಲ ಕೇಳಿ, ಕನ್ನಡಕ ಒರೆಸಿಕೊಂಡರು.

"ಅಂದ್ರೆ ಅಲ್ಲಿ ಮಾತು ಬದಲಾಗಿದೆ, ನಿಮ್ಮದು ಬದಲಾಗಿಲ್ಲ. ಅಷ್ಟೇ ತಾನೆ?"

"ಹೌದು ಸಾರ್. ನಾನು ಅಲ್ಲಗಳೆದ ಫೈಲುಗಳನ್ನ ಇನ್ನೊಂದು ಸಲ ನೋಡಬೇಕು."

"ಮುಚ್ಚಿದ ಫೈಲು ತೆಗೆಯೋಕಾಗಲ್ಲಮ್ಮ. ಅವರೆಲ್ಲ ಹೋಗಿಯೂ ಆಯ್ತಲ್ಲ."

"ಎಲ್ಲಿಗೆ ಕಳಿಸಿದ್ರಿ ಸಾರ್?"

"ಅಲ್ಲಿಗೇ."

"ಅಲ್ಲಿಯವರಲ್ಲ ಅಂತ ಬರೆದಿದ್ದೆ ನಾನು."

"ಮತ್ತೆಲ್ಲಿಗೆ ಕಳಿಸೋದು? ಬೇರೆ ಯಾವ ಜಾಗವನ್ನೂ ನೀವು ಬರೆದಿರಲಿಲ್ಲವಲ್ಲ." ಅವರು ವ್ಯಂಗ್ಯಕ್ಕೆ ಹೇಳಿದ್ದಲ್ಲ. ನಿಜವಾಗಿಯೂ ಅವರಿಗೆ ಬೇರೆ ಜಾಗ ತೋಚಿರಲಿಲ್ಲ. "ನೀವು ಹೇಳಿದ್ದು ಒಳ್ಳೇದೇ ಆಯ್ತು. ಈಚೆಗೆ ಬಂದವರೊಬ್ಬರನ್ನ ಕೇಳೋ ಕೆಲಸಕ್ಕೆ ತಗೊಳ್ಳೋಣ ಅಂತ ಮೇಲಕ್ಕೆ ಬರೀತೀನಿ. ವರ್ಷ ಹಿಡೀಬಹುದು. ಅಲ್ಲೀವರೆಗೆ ಪಟ್ಟಿ ಇರಲಿ."

ಹೊಸಬಳ ರೆಕಾರ್ಡಿಂಗಿಗೆ ಉಳಿದಿದ್ದದ್ದು ಒಂದು ತಿಂಗಳು. ಅದು ತನ್ನ ಕೋಣೆಗೆ ಬಂದರೆ ಸರಿ. ಮೇಷ್ಟ್ರ ಕೋಣೆಗೆ ಹೋದರೆ ಕಿಟಕಿ ಅಂದ ತಕ್ಷಣ ಅವರ ಕೆಂಪು ಪೆನ್ನು ಹೊರಬರುತ್ತದೆ. ಸರ್ಕಾರಿ ವರ್ಷ ಎಷ್ಟು ಉದ್ದ ಎಂಬುದು ಕಿವಿಯಮ್ಮನಿಗೆ ಗೊತ್ತಿತ್ತು. ಆ ಸಂಜೆ ಹೊಸಬಳನ್ನು ಕೂರಿಸಿಕೊಂಡಳು.

"ಕೇಳು. ಬೆಳಕಿಂಡಿ ಅನ್ನು, ಕಿಟಕಿ ಅನ್ನಬೇಡ. ಬಾಗಿಲು ಅನ್ನಬೇಡ, ಕದ."

"ಯಾಕಕ್ಕಾ? ನಮ್ಮ ಮನೆಗೆ ಬಾಗಿಲೇ ಇದ್ದದ್ದು."

"ಅದು ಬಾಗಿಲಾದ್ರೆ ನಿನ್ನನ್ನ ಹೊರಗೆ ಹಾಕ್ತಾರೆ. ಕದ ಆದ್ರೆ ಒಳಗೆ ಇರ್ತೀಯ."

"ಹೊರಗೆ ನಮ್ಮೋರಲ್ಲಿ ಒಂದು ಮಾತಿದೆ ಅಕ್ಕಾ. ದೇವರು ವರ ಕೊಟ್ರೂ ಕಿವಿ ಕೊಡಲ್ಲ ಅಂತ. ಆ ಕಚೇರೀಲಿ ಕಿವಿ ಅಂತ ಒಬ್ಬಳಿದಾಳಂತೆ. ನೀವೂ ಅಲ್ಲೇ ಅಲ್ವಾ ಕೆಲಸ ಮಾಡೋದು, ನಿಮಗೆ ಗೊತ್ತಾ ಅವಳು?"

"ಇಲ್ಲ" ಎಂದಳು ಕಿವಿಯಮ್ಮ. "ಸೊಡರು. ಅನ್ನು."

"ಸೊಡರು."

ಪಾಠಕ್ಕೆ ಅಮ್ಮನೂ ಸೇರಿಕೊಂಡಳು. ಮಲಗಿದಲ್ಲಿಂದಲೇ ತಿದ್ದುತ್ತಿದ್ದಳು, ಹೊಸಬಳು ತಪ್ಪಿದರೆ "ಥೂ, ನಿನ್ನ ನಾಲಿಗೆಗೆ ಬರೆ ಹಾಕಬೇಕು" ಎಂದು ನಗುತ್ತಿದ್ದಳು. ಅಷ್ಟು ವರ್ಷದಲ್ಲಿ ಅವಳ ಮಾತು ಯಾರಿಗಾದರೂ ಬೇಕಾದದ್ದು ಅದೇ ಮೊದಲು. ಹೊಸಬಳು ಚುರುಕು. ಮೂರು ವಾರದಲ್ಲಿ ಬೀದಿಯಿಂದ ಹಿತ್ತಲವರೆಗೆ ಒಂದು ಕಡೆಯೂ ಎಡವದೆ ನಡೆದುಬಂದಳು. ಕಿವಿಯಮ್ಮ ಕಣ್ಣು ಮುಚ್ಚಿ ಕೇಳಿದರೆ ಸತ್ತುಹೋದ ತನ್ನ ಅಜ್ಜಿಯೇ ಮಾತಾಡಿದ ಹಾಗಿತ್ತು.

ಸರ್ಕಾರ ಜನ್ಮದಲ್ಲಿ ಒಮ್ಮೆ ಬೇಗ ಕೆಲಸ ಮಾಡಿತು. ವರ್ಷ ಹಿಡಿಯಬೇಕಾದ್ದು ಐದು ವಾರದಲ್ಲಿ ಮುಗಿದು, ಹೊಸಬಳ ರೆಕಾರ್ಡು ಆಗಿ ಇನ್ನೂ ಸರದಿಯಲ್ಲಿರುವಾಗಲೇ, ಮೇಷ್ಟ್ರ ಕೋಣೆಗೆ ಹೊಸ ಕಿವಿ ಬಂದಿತು. ಮೇಷ್ಟ್ರನ್ನು ಹಾರ ಹಾಕದೆ ಮನೆಗೆ ಕಳಿಸಿದರು. ಹೊಸ ಕಿವಿ ಮೂವತ್ತು ದಾಟಿದ ಗಂಡಸು, ಮೊದಲು ಬಸ್ ಕಂಡಕ್ಟರಾಗಿದ್ದವನು. ಇರಲು ಅಪ್ಪಣೆ ಸಿಕ್ಕಿ ಎಂಟು ತಿಂಗಳಾಗಿತ್ತು, ಅಷ್ಟೇ. ಗೋಡೆಯ ಮೇಲಿನ ಪಟ್ಟಿಯನ್ನು ಅವನು ಮೊದಲ ದಿನವೇ ಉಗುರಿನಿಂದ ಕೆರೆದು ತೆಗೆದ.

ಎರಡನೆಯ ವಾರ ಟೀ ಹೊತ್ತಿಗೆ ಲೋಟ ಹಿಡಿದುಕೊಂಡು ಕಿವಿಯಮ್ಮನ ಕೋಣೆಗೆ ಬಂದ.

"ಅಕ್ಕಾ, ಇವತ್ತು ಒಂದು ಕಳ್ಳಿ ಸಿಕ್ಕಿಬಿದ್ದಳು. ಕದ ಅಂತೆ, ಸೊಡರು ಅಂತೆ, ಬೆಳಕಿಂಡಿ ಅಂತೆ. ನಗು ತಡಕೊಳ್ಳೋಕಾಗಲಿಲ್ಲ. ನಮ್ಮಲ್ಲಿ ಯಾವಳು ಹಾಗೆ ಮಾತಾಡ್ತಾಳೆ ಹೇಳಿ. ಇಲ್ಲೇ ಹುಟ್ಟಿ, ಹಳಬರ ಮನೇಲಿ ಬೆಳೆದೋಳು. ಅಲ್ಲಿಂದ ಬಂದೆ ಅಂತ ಕತೆ ಕಟ್ಟಿದಾಳೆ."

ಕಿವಿಯಮ್ಮ ಹೆಡ್‌ಫೋನಿನ ದಾರವನ್ನು ಸುತ್ತಿದಳು, ಬಿಚ್ಚಿದಳು. "ಬಾವಿ ಗೀವಿ ಏನೂ ಹೇಳಲಿಲ್ವಾ?"

"ಹೇಳಿದಳು, ಹಲ್ಲು ಮುರಿಯೋ ಬಾವಿ ಅಂತ. ಯಾರೋ ಹೇಳಿಕೊಟ್ಟಿರ್ತಾರೆ ಬಿಡಿ. ನಾವು ಹಿತ್ತಾಳೆ ಕಿವಿಯವರಾದ್ರೆ ಆಗುತ್ತಾ? ಇಂಥೋರಿಂದಲೇ ಅಲ್ವಾ ನಮಗೆಲ್ಲ ಕೆಟ್ಟ ಹೆಸರು."

"ಕಳಿಸಿಬಿಟ್ರಾ ವರದಿನ?"

"ಆಗಲೇ. ಬಿಸಿ ಬಿಸಿ." ಅವನು ಟೀ ಊದಿಕೊಂಡು ಕುಡಿದ.

ಕಿವಿಯಮ್ಮ ಮೆಟ್ಟಿಲಿಳಿದು ಸಾಹೇಬರ ಕೋಣೆಗೆ ಹೋದಳು. ಈ ಸಲ ಕೂರಲಿಲ್ಲ.

"ಸಾರ್, ಇವತ್ತಿನ ವರದೀಲಿರೋ ಆ ಹುಡುಗಿ ಅಲ್ಲಿಯವಳೇ. ಹಾಗೆ ಮಾತಾಡೋಕೆ ಹೇಳಿಕೊಟ್ಟವಳು ನಾನು."

ಸಾಹೇಬರು ಕನ್ನಡಕ ತೆಗೆದಿಟ್ಟರು. "ಅಂದ್ರೆ ಹೇಳಿಕೊಟ್ಟದ್ದು ನಿಜ. ಅವರು ಬರೆದದ್ದು ಸರಿಯಾಯ್ತಲ್ಲಮ್ಮ."

"ನನ್ನ ಕೆಲಸ ಹೋದರೆ ಹೋಗಲಿ. ಇನ್ನೊಂದು ಸಲ ಅವಳನ್ನ ಮಾತಾಡಿಸಿ. ಅವಳ ಮಾತಲ್ಲೇ ಮಾತಾಡಲಿ."

"ಎರಡು ಸಲ ಎರಡು ಥರ ಮಾತಾಡಿದ್ರೆ ಯಾವುದನ್ನ ನಂಬಲಿ?" ಅವರು ಎದ್ದು ಬಂದು, ತಮ್ಮ ಕೈಯಾರೆ ಅವಳಿಗಾಗಿ ಬಾಗಿಲು ತೆಗೆದರು. "ನೀವು ಆರು ವರ್ಷದಿಂದ ಇರೋರು. ಈಗ ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಹೋಗಿ ಕೆಲಸ ನೋಡಿ."

ಹತ್ತು ದಿನದ ಮೇಲೆ ಹೊಸಬಳು ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಂಡು, ಒಂದು ಲಕೋಟೆ ತಂದುಕೊಟ್ಟಳು. ಅದು ಇಲ್ಲಿಯ ಭಾಷೆಯಲ್ಲಿತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ.

"ಏನಂತೆ ಅಕ್ಕಾ?"

"ನೀನು ಅಲ್ಲಿಯವಳಲ್ಲವಂತೆ."

"ಮತ್ತೆ ಎಲ್ಲಿಯವಳಂತೆ?"

"ಇಲ್ಲಿಯವಳಂತೆ. ಇಲ್ಲೇ ಹುಟ್ಟಿ ಬೆಳೆದವಳಂತೆ."

ಹೊಸಬಳ ಮುಖ ಅರಳಿತು. "ಹಾಗಾದ್ರೆ ಇಲ್ಲೇ ಇರಬಹುದಾ?"

ಕಿವಿಯಮ್ಮ ಕಾಗದವನ್ನು ಮಡಿಸಿದಳು. ಅದು ಮೊದಲು ಮಡಿಸಿದ್ದ ಗೆರೆಯಲ್ಲೇ ಮಡಿಸಿಕೊಂಡಿತು. "ಇಲ್ಲ. ಇಲ್ಲಿಯವಳು ಅನ್ನೋದಕ್ಕೆ ಕಾಗದ ಬೇಕು. ಬರೋ ಮಂಗಳವಾರದ ಹಡಗಿಗೆ ಬರೆದಿದ್ದಾರೆ."

"ಎಲ್ಲಿಗೆ?"

"ಅಲ್ಲಿಗೇ."

ಹೊಸಬಳು ಅಳಲಿಲ್ಲ. ಪರೀಕ್ಷೆ ಬರೆದು ಬಂದ ಮಕ್ಕಳು ಪ್ರಶ್ನೆಪತ್ರಿಕೆ ನೋಡಿಕೊಳ್ಳುವ ಹಾಗೆ ಮನಸ್ಸಿನಲ್ಲೇ ಹಿಂದೆ ಹೋಗಿ ಒಂದೊಂದೇ ಕೋಣೆ ನೋಡಿಕೊಂಡು ಬಂದಳು. "ನಾನು ಎಲ್ಲೂ ತಪ್ಪಲಿಲ್ಲ ಅಕ್ಕಾ. ಬೇಕಾದ್ರೆ ಕೇಳಿ ನೋಡಿ. ಒಂದು ಸಲಾನೂ ಕಿಟಕಿ ಅನ್ನಲಿಲ್ಲ."

ಕೇಳುವುದೇ ಕಸುಬಾದವರಿಗೆ ಹೇಳುವ ಅಭ್ಯಾಸ ತಪ್ಪಿಹೋಗಿರುತ್ತದೆ.

"ಗೊತ್ತು" ಎಂದಳು ಕಿವಿಯಮ್ಮ, ಅಷ್ಟೇ.

ಬುಧವಾರ ಅವಳು ರಜೆ ಹಾಕಿದಳು. ಬೇರೆ ಯಾರೂ ಸಿಕ್ಕಿರಲಿಲ್ಲ. ಅಮ್ಮನ ಮೈ ಒರೆಸಿ, ಬಟ್ಟೆ ಬದಲಿಸಿ, ದಿಂಬು ಸರಿಮಾಡಿದಳು. ಅಮ್ಮ ಕತ್ತು ಹೊರಳಿಸಿ ಬಾಗಿಲ ಕಡೆ ನೋಡಿದಳು.

"ಎಲ್ಲಿ ಅವಳು?"

"ಬರಲ್ಲಮ್ಮ ಇನ್ನು."

"ಯಾಕಂತೆ? ನಾನು ಬೈತೀನಿ ಅಂತಾನಾ?" ಮಗಳು ಹಾಸಿಗೆಯ ಅಂಚಿನಲ್ಲಿ ಕೂತಳು. ಅಮ್ಮ ಬೇಸರದಿಂದ, "ಸೆಖೆ ಕಣೆ. ಆ ಕಿಟಕಿನಾದ್ರೂ ತೆಗಿ" ಎಂದಳು.

ತಾನು ಏನಂದೆ ಎಂದು ಅಮ್ಮನಿಗೆ ಗೊತ್ತಾಗಲಿಲ್ಲ. ಕಿವಿಯಮ್ಮ ಏಳಲಿಲ್ಲ. ಅವಳ ತೋರುಬೆರಳು ತಾನಾಗಿಯೇ ಹೊದಿಕೆಯ ಮೇಲೆ ಸರಿದು, ಒಂದು ಗೆರೆ ಎಳೆಯಿತು.