ಗಾಳಿ ಬರವಲ್ದು

ನೇತ್ರಾವತಿಯ ಕಾರಿನಲ್ಲಿ ದಿನಾ ಬರುತ್ತಾನೆಂದು ಉಪನ್ಯಾಸಕ ಪರ್ವೇಜನನ್ನು ಕಾಲೇಜಿನಿಂದ ತೆಗೆದುಹಾಕಿದರು.

ಅಂದಿನಿಂದ ಕಾರಿನ ಎಸಿ ಸರಿಯಾಗಿ ತಂಪು ಕೊಡುತ್ತಿಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು. ಮೊದಲೂ ಹಾಗೇ ಇದ್ದಿರಬೇಕು. ಆಗ ಗೊತ್ತಾಗಿರಲಿಲ್ಲ.

ಬೆಳಿಗ್ಗೆ ಮಾನ್ವಿಯ ಕಾಲೇಜಿನಲ್ಲಿ ಬಿ.ಎ. ಮಕ್ಕಳಿಗೆ ಮೂಲಭೂತ ಹಕ್ಕುಗಳ ಪಾಠ ಮುಗಿಸಿದ್ದಳು. ಮಧ್ಯಾಹ್ನ ದೇವದುರ್ಗದಲ್ಲಿ, ಕಾಲೇಜಿನ ಚೇರ್ಮನ್ನರ ಮನೆಯಲ್ಲಿ, ಆಡಳಿತ ಸಮಿತಿಯ ಮುಂದೆ ಒಂದೇ ಮಾತು ಹೇಳಬೇಕಿತ್ತು: ಪರ್ವೇಜನೇ ಗಂಟುಬಿದ್ದು ಕಾರು ಹತ್ತುತ್ತಿದ್ದ. ಹೇಳಿದರೆ ಅವನಿಗೆ ಈ ಸೀಮೆಯ ಯಾವ ಕಾಲೇಜಿನಲ್ಲೂ ಪಾಠ ಮಾಡುವ ಯೋಗವಿಲ್ಲ. ಹೇಳದಿದ್ದರೆ ಅವಳಿಗಿಲ್ಲ. ಜೊತೆಗಿರಲೆಂದು ಗಂಡ ಪ್ರಭುರಾಜ ರಜೆ ಹಾಕಿ ರಾಯಚೂರಿನಿಂದಲೇ ಬಂದಿದ್ದ. ಎಡಗಡೆಯ ಸೀಟಿನಲ್ಲಿ ಕೂತು ಬೆವರುತ್ತಿದ್ದ.

"ಗ್ಯಾಸ್ ಹೋಗಿರಬೇಕು, ತುಂಬಿಸಿಬಿಡ್ರಿ," ಎಂದ, ಮಾನ್ವಿಯ ಗ್ಯಾರೇಜಿನ ಗುಲಾಮ್ ದಸ್ತಗೀರನಿಗೆ.

"ಎಲ್ಲಾರೂ ಬಂದಕೂಡ್ಲೆ ಗ್ಯಾಸ್ ಅಂತೀರಿ ಸರಾ. ಡಾಕ್ಟರ್ ನಾನೋ ನೀವೋ?" ದಸ್ತಗೀರ ಬಾನೆಟ್ ಎತ್ತಿ ಪೈಪಿಗೆ ಮೀಟರು ಹಚ್ಚಿ ನೋಡಿದ. "ಗ್ಯಾಸ್ ಬರಾಬರ್ ಅದ."

ಒಳಗೆ ಬಾಗಿ ಫ್ಯಾನು ಪೂರ್ತಿ ತಿರುವಿದ. ಸದ್ದು ಜೋರಾಯಿತು. ಎಸಿಯ ಕಿಂಡಿಗೆ ಅಂಗೈ ಒಡ್ಡಿದ.

"ಥಂಡ್ ಅದ ಮೇಡಂ, ಗಾಳಿ ಬರವಲ್ದು. ಬರೇ ಒದರಾಕತ್ತದ. ಏನೋ ಅಡ್ಡ ಕುಂತದ."

ಡ್ಯಾಶ್‌ಬೋರ್ಡಿನ ಖಾನೆ ಕಳಚಿ, ಅದರ ಹಿಂದಿನಿಂದ ಫಿಲ್ಟರ್ ಎಳೆದು, ಹಳೆಯ ಪೇಪರಿನ ಮೇಲೆ ಕೊಡವಿದ. ಧೂಳು, ಹತ್ತಿಯ ಎಳೆ, ಆಮೇಲೆ ಕೆಂಪಗೆ, ರಾಶಿ ರಾಶಿ ಶೇಂಗಾದ ಸಿಪ್ಪೆ.

"ಅರೆ, ಹೊಲಾನೇ ಅದಲ್ರಿ ಒಳಗ! ಇಲ್ಲಿ ಕುಂತು ತಿನ್ನೋರು ನೀವಾ, ಸರಾ?"

"ನಾ ಶೇಂಗಾ ಮುಟ್ಟಂಗಿಲ್ಲ. ಪಿತ್ತ."

"ಹಂಗಾರ ಮತ್ಯಾರೋ ದೋಸ್ತರು." ದಸ್ತಗೀರ ನಕ್ಕ. "ಇದು ಒಳಗಿನ ಗಾಳೀನ ತಿರುಗಿ ತಿರುಗಿ ಎಳಕೊಂತದ್ರಿ. ಕಾಲಬುಡಕ ಬಿದ್ದ ಹಗೂರ ಕಸ ಎಲ್ಲಾ ಮ್ಯಾಲೆ ಹೋಗಿ ಕುಂದರ್ತದ."

ಪ್ರಭುರಾಜ ಹೆಂಡತಿಯ ಮುಖ ನೋಡಿದ. ಅವಳು ಸಿಪ್ಪೆ ನೋಡುತ್ತಿದ್ದಳು.

ಪರ್ವೇಜ ಹುರಿದ ಶೇಂಗಾವನ್ನು ಅಂಗೈಯಲ್ಲಿ ತಿಕ್ಕಿ, ಉಫ್ ಎಂದು ಊದಿ, ಬೆಳ್ಳಗಿನ ಕಾಳನ್ನು ಕಾರಿನ ಗೇರಿನ ಪಕ್ಕದ ತಗ್ಗಿನಲ್ಲಿ ಇಡುತ್ತಿದ್ದ. ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಎತ್ತಿಕೊಳ್ಳುತ್ತಿದ್ದಳು. ಇಬ್ಬರ ಬಾಯಿ ಮಾತ್ರ ಬಿಡುವಿಲ್ಲದೆ ಬಜೆಟ್ಟು, ಬರ, ಪ್ರಿನ್ಸಿಪಾಲರ ಟೋಪನ್ ಎಂದು ಓಡುತ್ತಿತ್ತು. ಅವನು ಇಡುವುದಕ್ಕೂ ಅವಳು ಎತ್ತುವುದಕ್ಕೂ ನಡುವೆ ಯಾವಾಗಲೂ ಒಂದು ಗಳಿಗೆ ಉಳಿಯುತ್ತಿತ್ತು. ಆ ಗಳಿಗೆಯನ್ನು ಇಬ್ಬರೂ ತಪ್ಪದೆ ಕಾಯ್ದುಕೊಂಡರು. ಬೆರಳು ಒಮ್ಮೆಯೂ ತಾಗಲಿಲ್ಲ.

"ಹೊಸಾದು ಹಾಕಲಾ?"

"ಹಾಕ್ರಿ," ಎಂದ ಪ್ರಭುರಾಜ.

ದಸ್ತಗೀರ ಪೇಪರು ಮಡಚಿ ಕಸಕ್ಕೆ ಎಸೆದ. ಬಿಸಿಗಾಳಿಗೆ ನಾಲ್ಕಾರು ಸಿಪ್ಪೆ ರಸ್ತೆ ದಾಟಿ ಹೋದವು. ತಡೀರಿ ಎಂದು ಅವಳು ಹೇಳಬಹುದಿತ್ತು.

ದೇವದುರ್ಗದ ದಾರಿಯಲ್ಲಿ ಗಾಳಿ ಭರಭರ ಬಂತು. ಪ್ರಭುರಾಜ ಕಾಲರ್ ಸಡಿಲಿಸಿ ಕಿಂಡಿಯನ್ನು ತನ್ನ ಎದೆಗೆ ತಿರುಗಿಸಿಕೊಂಡ.

"ನೋಡು, ಸಣ್ಣದರಾಗ ಮುಗೀತು. ಸಮಿತಿ ಮುಂದನೂ ಹಂಗ ಮುಗಸು."

"ಹೂಂ."

"ಏನ್ ಹೂಂ? ಒಮ್ಮೆ ಹೇಳಿ ತೋರಸು."

"ಗಂಟಲು ಹಿಡದದ. ಥಂಡಿಗೆ."

"ನಾ ನಿನ್ನ ಮ್ಯಾಲೆ ಸಂಶೇ ಪಟ್ಟೀನೇನು?"

"ಇಲ್ಲ."

"ಮತ್ತ?"

ಅವನು ಸಂಶಯಪಡದಿದ್ದುದೇ ಅವಳಿಗೆ ಅವಮಾನವೆನ್ನಿಸಿತು. ಇಷ್ಟೆಲ್ಲ ಊರು ಮಾತಾಡಿದ ಮೇಲೆ ಏನಾದರೂ ನಡೆದಿರಬೇಕಿತ್ತು. ಅಲ್ಲಗಳೆಯಲಿಕ್ಕಾದರೂ ಒಂದು ಪಾಪ ಬೇಕಿತ್ತು.

ಅರಕೇರಾದ ಬಳಿ ಗಂಟುಮೂಟೆ ಇಟ್ಟುಕೊಂಡು ಕೂತ ಹೆಂಗಸರು ಎದ್ದು ಕೈಮಾಡಿದರು. ಏನೋ ಕೂಗಿದರು. ಗಾಜು ಏರಿಸಿತ್ತು.

"ನಿಲ್ಲಸಬ್ಯಾಡ," ಎಂದ. ನಿಲ್ಲಿಸಲಿಲ್ಲ.

ಚೇರ್ಮನ್ನರ ಮನೆಯ ಮುಂದಿನ ಬೇವಿನ ನೆರಳನ್ನೆಲ್ಲ ಸಮಿತಿಯವರ ಕಾರುಗಳು ಹಿಡಿದಿದ್ದವು. ಅವಳು ಬಿಸಿಲಿನಲ್ಲಿ ನಿಲ್ಲಿಸಿದಳು. ಪ್ರಭುರಾಜ ಇಳಿದು, ಸುತ್ತಿ ಬಂದು, ಅವಳ ಬಾಗಿಲು ಎಳೆದ. ಒಳಗಿನಿಂದ ಲಾಕಾಗಿತ್ತು. ಬೆರಳಿನಿಂದ ತಟ್ಟಿದ. ಅವಳು ಗಾಜನ್ನು ತುಸು ಇಳಿಸಿದಳು. ಬೆಂಕಿಯಂಥ ಗಾಳಿ ನುಗ್ಗಿತು.

"ಬಂದ್ ಮಾಡಿ ಇಳಿ. ಎಲ್ಲಾರೂ ಕಾಯಾಕತ್ತಾರ."

"ಅಂವಾ ಗಂಟು ಬಿದ್ದಿರಲಿಲ್ಲರಿ. ನಾನ ಕರೀತಿದ್ದೆ. ದಿನಾ, ಅವರ ಓಣಿ ಮುಂದ ನಿಂತು ಹಾರ್ನ್ ಹೊಡೀತಿದ್ದೆ."

ಪ್ರಭುರಾಜ ಹಿಂದೆ ತಿರುಗಿ ಗೇಟಿನತ್ತ ನೋಡಿ, ದನಿ ಇಳಿಸಿದ.

"ಹುಚ್ಚೀ, ಇದನ್ನ ಅಲ್ಲಿ ಬಾಯಿ ಬಿಟ್ಟಿ ಅಂದ್ರ... ನಾ ಹೇಳಿದಷ್ಟು ಹೇಳು. ಇಳಿ ಮದ್ಲ."

"ಇಳಿಯಂಗಿಲ್ಲ."

ಗಾಜು ಏರಿಸಿದಳು. ಆಚೆ ಅವನ ತುಟಿಗಳು ಅಲುಗುತ್ತಿದ್ದವು. ಗೇಟಿನಿಂದ ಇನ್ನಿಬ್ಬರು ಬಂದರು. ಅವರ ತುಟಿಗಳೂ ಅಲುಗಿದವು. ಒಳಗೆ ತಂಪು ಹೆಚ್ಚುತ್ತ ಹೆಚ್ಚುತ್ತ ಅವಳ ಮುಂಗೈ ಮುಳ್ಳೆದ್ದಿತು. ಗೇರಿನ ಮೇಲೆ ಕೈಯಿಟ್ಟಳು.

ಎಡಗಡೆಯ ಕನ್ನಡಿಯಲ್ಲಿ ಒಂದು ಬಡಕಲು ನಾಯಿಯ ಬೆನ್ನು ಕಂಡಿತು. ಅದರ ತಲೆ ಕಾರಿನ ಅಡಿಯಲ್ಲಿತ್ತು. ಒಳಗೆ ಕೂತವರ ಉಸಿರು ಎಸಿಯಲ್ಲಿ ತಣಿದು ನೀರಾಗಿ ಅಲ್ಲಿ ತೊಟ್ಟಿಕ್ಕುತ್ತಿರಬೇಕು. ಹನಿ ಬಿದ್ದು ನಾಯಿ ನೆಕ್ಕಿದಾಗೆಲ್ಲ ಬೆನ್ನಿನ ಎಲುಬುಗಳು ಒಮ್ಮೆ ಅಲುಗಿ, ಮತ್ತೆ ಸ್ತಬ್ಧವಾಗಿ, ಮುಂದಿನದಕ್ಕೆ ಕಾಯುತ್ತಿದ್ದವು.